ಇಣಚಿ ಸೆರಗು

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಇಸ್ಪೀಟಿನದಲ್ಲ. ಇಣಚಿ ಕಂಡರೆ ಅದರ ಬೆನ್ನ ಮೇಲಿನ ಪಟ್ಟೆ ಎಣಿಸುವ ಚಟ. ನೀವು ಅಳಿಲು ಎನ್ನುತ್ತೀರಲ್ಲ, ಅದನ್ನೇ ನಮ್ಮ ಬನಹಟ್ಟಿ ಕಡೆ ಇಣಚಿ ಎನ್ನುತ್ತೇವೆ. ಬಸ್ಸಿಗೆ ಕಾಯುತ್ತಿರಲಿ, ಯಾರದಾದರೂ ಮಣ್ಣಿಗೆ ಹೋಗಿರಲಿ, ಬೇವಿನ ಮರದಲ್ಲಿ ‘ಚಿಕ್ ಚಿಕ್’ ಕೇಳಿತೆಂದರೆ ನನ್ನ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ, ತುಟಿ ಒಂದು, ಎರಡು, ಮೂರು ಎನ್ನತೊಡಗುತ್ತದೆ. ಈಚೆಗೆ ಒಂದು ಮಣ್ಣಿನಲ್ಲಿ ನಾನು ಹೀಗೆ ಆಕಾಶ ನೋಡುತ್ತ ತುಟಿ ಅಲುಗಿಸುವುದನ್ನು ಕಂಡವರೊಬ್ಬರು, ಮಾಸ್ತರು ಸತ್ತವರಿಗಾಗಿ ಮಂತ್ರ ಹೇಳುತ್ತಿದ್ದಾರೆಂದು ತಿಳಿದು ತಾವೂ ಪಕ್ಕಕ್ಕೆ ಬಂದು ಕೈಮುಗಿದು ನಿಂತರು. ಅಷ್ಟರಲ್ಲಿ ಇಣಚಿ ಕೊಂಬೆಯ ಆಚೆಗೆ ಸರಿಯಿತು. ನಾನು ಮತ್ತೆ ಒಂದರಿಂದ ಶುರುಮಾಡಿದೆ.

ಮೂವತ್ತು ವರ್ಷ ತೇರದಾಳದ ಸಾಲೆಯೊಂದರಲ್ಲಿ ಗಣಿತ ಕಲಿಸಿದವನು ನಾನು. ಐದರವರೆಗೆ ಎಣಿಸಲು ಇಷ್ಟು ಒದ್ದಾಡುತ್ತೇನೆಂದರೆ ನನ್ನ ಶಿಷ್ಯರು ನಂಬಲಾರರು, ಅಥವಾ ತಕ್ಷಣ ನಂಬಿಬಿಡಬಹುದು. ತಪ್ಪು ನನ್ನದಲ್ಲ. ಇಣಚಿ ಒಂದು ಕಡೆ ನಿಲ್ಲುವ ಪ್ರಾಣಿಯಲ್ಲ. ಗಿಡ ಹತ್ತುವಾಗ ಕಾಂಡದ ಆಚೆ ಬದಿಗೆ ಹೋಗುತ್ತದೆ, ನೀವು ಆಚೆ ಹೋದರೆ ಈಚೆ ಬರುತ್ತದೆ. ಇಳಿಯುವಾಗ ತಲೆ ಕೆಳಗೆ ಮಾಡಿ ಇಳಿಯುತ್ತದೆ. ಬೆಕ್ಕು ಕಂಡರೆ ‘ಚಿಕ್’ ಎಂದು ಒಂದು ಸಲ ಕೂಗಿದರೆ ಬಾಲ ಒಂದು ಸಲ ಜಾಡಿಸಲೇಬೇಕು. ಬಾಲ ಜಾಡಿಸದಿದ್ದರೆ ಅದರ ಗಂಟಲಿನಿಂದ ಸ್ವರವೇ ಹೊರಡುವುದಿಲ್ಲವೇನೋ ಎಂದು ನನಗೆ ಅನುಮಾನ. ನಮ್ಮ ಹೆಡ್‌ಮಾಸ್ತರೊಬ್ಬರು ಕೈ ಬೀಸದೆ ಭಾಷಣ ಮಾಡಲಾರದವರಿದ್ದರು. ಅವರ ಕೈಗೆ ಮೈಕು ಕೊಟ್ಟ ದಿನ ಭಾಷಣವೇ ನಿಂತುಹೋಗಿತ್ತು.

ಚಿಕ್ಕವನಿದ್ದಾಗ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಸೇತುವೆ ಕಟ್ಟಲು ಮರಳು ಹೊತ್ತ ಇಣಚಿಯ ಬೆನ್ನನ್ನು ರಾಮದೇವರು ಮೂರು ಬೆರಳಿನಿಂದ ಸವರಿದ ಕತೆ ಹೇಳಿದ್ದಳು. ಅದನ್ನೇ ನಂಬಿಕೊಂಡು ನಾನೂ ತರಗತಿಯಲ್ಲಿ ಒಮ್ಮೆ, ಗಣಿತ ಬೇಸರವಾದಾಗ, ‘ಇಣಚಿಗೆ ಮೂರು ಪಟ್ಟೆ’ ಎಂದುಬಿಟ್ಟೆ. ಸಮೀರವಾಡಿ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತಳು.

“ಸರ್, ನಮ್ಮ ಕಬ್ಬಿನ ಹೊಲದ ಬದುವಿನ್ಯಾಗ ಇರೋ ಇಣಚಿಗೆ ಐದು ಅದಾವ್ರಿ.”

“ಐದು ಹೆಂಗ ಇರ್ತಾವ? ಮತ್ತೊಮ್ಮೆ ಎಣಸು.”

“ಮೂರು ಸಲ ಎಣಿಸೇನ್ರಿ ಸರ್. ರಾಮದೇವರು ಪೂರಾ ಕೈಲೆ ಸವರಿರಬೇಕ್ರಿ.”

ಇಡೀ ತರಗತಿ ನಕ್ಕಿತು. ನಾನು ಅವಳನ್ನು ಕೂರಿಸಿದೆ. ಆಮೇಲೆ ವಿಜ್ಞಾನದ ಮಾಸ್ತರನ್ನು ಗುಟ್ಟಾಗಿ ಕೇಳಿದಾಗ ತಿಳಿಯಿತು, ಹುಡುಗಿ ಹೇಳಿದ್ದೇ ಖರೆ. ಮೂರು ಪಟ್ಟೆಯದು ತೆಂಕಣದ ಜಾತಿ, ಐದು ಪಟ್ಟೆಯದು ಬಡಗಣದ ಜಾತಿ. ಐದರದಕ್ಕೆ ಬೆನ್ನ ಮೇಲೆ ಮೂರು ಎದ್ದು ಕಾಣುವ ಗೆರೆ, ಪಕ್ಕೆಗಳ ಮೇಲೆ ಮತ್ತೆರಡು ಮಾಸಲು ಗೆರೆ. ನಮ್ಮದು ಎರಡರ ಗಡಿ ಸೀಮೆಯಂತೆ, ಎರಡೂ ಸಿಗಬಹುದಂತೆ. ಅಂದಿನಿಂದ ಈ ಎಣಿಕೆ ಶುರುವಾಯಿತು. ಆ ಹುಡುಗಿಗೆ ಮಾತ್ರ ನಾನು ತಪ್ಪೊಪ್ಪಿಕೊಳ್ಳಲಿಲ್ಲ. ಮಾಸ್ತರರ ಜಾತಿಯೇ ಹಾಗೆ.

ಪಟ್ಟೆ ಎಷ್ಟೇ ಇರಲಿ, ಎರಡೂ ಜಾತಿಯ ಬುದ್ಧಿ ಒಂದೇ. ದಟ್ಟ ಕಾಡು ಅವಕ್ಕೆ ಬೇಡ, ಮನುಷ್ಯರ ಮಗ್ಗುಲು ಬೇಕು. ನಮ್ಮ ಹಿತ್ತಲ ಬೇವಿನ ಮರ, ಪೇರಲ ಗಿಡ, ಪತ್ರಾಸ್ ತಗಡಿನ ಮಾಡಿನ ಸಂದಿ, ಇಷ್ಟರಲ್ಲಿ ಅವುಗಳ ಸಂಸಾರ. ಶೇಂಗಾ ಸಿಕ್ಕರೆ ಹಿಂಗಾಲ ಮೇಲೆ ಕೂತು, ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ತಿನ್ನುವವರಂತೆ ತಿನ್ನುತ್ತವೆ. ಬಿಸಿಲು ಏರಿದ ಮಧ್ಯಾಹ್ನ ಕೊಂಬೆಯ ಮೇಲೆ ಹೊಟ್ಟೆ ಚೆಲ್ಲಿ, ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಬಿಟ್ಟು ಬೋರಲು ಬೀಳುತ್ತವೆ. ಊಟವಾದ ಮೇಲೆ ನಾನೂ ತಂಪು ನೆಲದ ಮೇಲೆ ಹೀಗೇ ಬೀಳುವುದರಿಂದ ಅದನ್ನು ಹಳಿಯುವ ಹಕ್ಕು ನನಗಿಲ್ಲ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಒಂದು ಸೀರೆಯ ಸಲುವಾಗಿ. ನನ್ನ ಮಗಳು ಸವಿತಾಳನ್ನು ಜಮಖಂಡಿಗೆ ಕೊಟ್ಟಿದ್ದೇವೆ. ಅವಳು ಬಸುರಿಯಾದ ಸುದ್ದಿ ಕೇಳಿ ಬೀಗರ ಮನೆಗೆ ಹೋದವನು ಹೋಳಿಗೆಯ ಅಮಲಿನಲ್ಲಿ ಒಂದು ಮಾತು ಆಡಿಬಿಟ್ಟೆ. ಏಳನೆಯ ತಿಂಗಳಿಗೆ ಕುಬಸ, ಎಂದರೆ ಸೀಮಂತ. ತವರಿನವರು ಹಸಿರು ಸೀರೆ ಉಡಿಸಬೇಕು.

“ಅಂಗಡಿ ಸೀರಿ ಬ್ಯಾಡ್ರಿ ಬೀಗ್ರ,” ಎಂದೆ. “ನಮ್ಮಪ್ಪನ ಮಗ್ಗ ಇನ್ನೂ ಐತಿ. ನಾನs ನೇಯ್ತೇನಿ.”

ಹೆಂಡತಿ ಕಸ್ತೂರಿ ಕೈಯಲ್ಲಿದ್ದ ತುಪ್ಪದ ಮಿಳ್ಳಿಯನ್ನು ಎಲೆಯ ಹೊರಗೆ ಬಗ್ಗಿಸಿದಳು. ಬೀಗರು ಬಹಳ ಸಂತೋಷಪಟ್ಟರು. ಮಗಳಂತೂ ಒಳಗಿನಿಂದ ಓಡಿಬಂದು, “ಖರೇನs ಅಪ್ಪಾ?” ಎಂದು ಕೇಳಿದಳು. ಆ ಮುಖ ನೋಡಿದ ಮೇಲೆ ಹಿಂದೆ ಸರಿಯುವ ದಾರಿ ಇರಲಿಲ್ಲ.

ಹತ್ತು ವರ್ಷದವನಿದ್ದಾಗ ಅಪ್ಪನ ಪಕ್ಕ ಕೂತು ಒಂದಿಷ್ಟು ಲಾಳಿ ಎಸೆದದ್ದು ಬಿಟ್ಟರೆ ನನಗೂ ಮಗ್ಗಕ್ಕೂ ಸಂಬಂಧವಿಲ್ಲ. ಊರ ತುಂಬ ಪವರ್‌ಲೂಮ್ ಖಟಖಟ ಎನ್ನುತ್ತಿರುವಾಗ ನಮ್ಮ ಹಿಂದಿನ ಖೋಲಿಯ ಕೈಮಗ್ಗ ಮೇಲೆ ಹಪ್ಪಳ ಒಣಗಿಸಿಕೊಂಡು ಸುಮ್ಮನೆ ಇತ್ತು. ಆಗ ಕೈಹಿಡಿದವನು ಮಲ್ಲಪ್ಪ. ನನ್ನ ಬಾಲ್ಯದ ಗೆಳೆಯ, ಪಕ್ಕದ ಓಣಿಯವನು, ಜೀವಮಾನವೆಲ್ಲ ನೇಯ್ದವನು. ಈಗ ಮೊಣಕಾಲು ಕೈಕೊಟ್ಟದ್ದರಿಂದ ಮಗ್ಗದ ಕುಣಿಗೆ, ಎಂದರೆ ಕಾಲಿಡುವ ಗುಂಡಿಗೆ, ಇಳಿಯಲಾರ. ಹಾಸು, ಎಂದರೆ ಉದ್ದದ ಎಳೆಗಳನ್ನು, ಹೂಡಿಕೊಟ್ಟವನು ಅವನೇ, ಒಳ್ಳೆಯ ಬಣ್ಣಗಾರನ ಹತ್ತಿರ ನಿಂತು ನೂಲಿಗೆ ಎಳೆಯ ಬೇವಿನೆಲೆಯ ಹಸಿರು ಹಿಡಿಸಿಕೊಂಡು ಬಂದವನೂ ಅವನೇ. ದಿನಾ ಹತ್ತು ಗಂಟೆಗೆ ಬಂದು ಸ್ಟೂಲಿನ ಮೇಲೆ ಕೂತು, ಬಸಿಯಲ್ಲಿ ಚಹಾ ಸುರುವಿಕೊಂಡು ಸೊರ್ ಎಂದು ಹೀರುತ್ತ ನನ್ನ ಕೆಲಸ ನೋಡುತ್ತಿದ್ದ.

“ಮಾಸ್ತರ, ಇದು ಸೀರೀನೋ, ಮೀನಿನ ಬಲೀನೋ?”

“ಮಗಳಿಗೆ ಗಾಳಿ ಆಡ್ಲಿ ಅಂತ ಬಿಟ್ಟೇನಿ.”

“ಇನ್ನೊಂದೀಟು ಬಿಟ್ರ ಮಗಳs ಹೊರಗ ಬೀಳ್ತಾಳ.”

ಹೀಗೆ ಬೈಸಿಕೊಳ್ಳುತ್ತ ಬೈಸಿಕೊಳ್ಳುತ್ತ ಸೀರೆ ಬೆಳೆಯಿತು, ಬಲೆ ಹೋಗಿ ಬಟ್ಟೆಯಾಯಿತು. ಕುಬಸಕ್ಕೆ ಇನ್ನು ಹದಿನಾರು ದಿನವಿದ್ದಾಗ ಒಡಲು ಮುಗಿದು ಸೆರಗು ಮಾತ್ರ ಉಳಿದಿತ್ತು. ಗೋಡೆಯ ಗೂಟಕ್ಕೆ ಹಸಿರು ನೂಲಿನ ನಾಲ್ಕು ಲಡಿ ತೂಗಿದ್ದವು, ಸೆರಗಿಗೆ ಸರಿಯಾಗಿ ಸಾಕಾಗುವಷ್ಟು. ಅವತ್ತು ಮಲ್ಲಪ್ಪ ಒಂದು ಲಡಿ ಕೈಯಲ್ಲಿ ಹಿಡಿದು, “ಇಂಥಾ ಬಣ್ಣ ಮತ್ತ ಹುಟ್ಟಂಗಿಲ್ಲ ನೋಡು ಮಾಸ್ತರ. ಒಂದು ಕುದಿಯ ಬಣ್ಣ ಇನ್ನೊಂದು ಕುದಿಗೆ ಬರಂಗಿಲ್ಲ,” ಎಂದು ಬಿಡಲಾರದೆ ಬಿಟ್ಟ. ನಾನೂ ಕಸ್ತೂರಿಯೂ ಅವಳ ತಂಗಿಯ ಮನೆಯ ವಾಸ್ತುಶಾಂತಿಗೆ ನಾಲ್ಕು ದಿನ ಮುಧೋಳಕ್ಕೆ ಹೋದೆವು. ಮನೆಯ ಇನ್ನೊಂದು ಕೀಲಿ ಮಲ್ಲಪ್ಪನ ಕೈಯಲ್ಲಿ ಕೊಟ್ಟಿದ್ದೆವು.

ಬಂದು ನೋಡಿದರೆ ಗೂಟದ ಮೇಲೆ ಲಡಿ ಎರಡೇ.

ಬೇರೆ ಯಾವುದೇ ಊರಿನವರಾದರೆ ನೆಲ ನೋಡುತ್ತಿದ್ದರು. ನೆಲದ ತುಂಬ ಹಸಿರು ನೂಲಿನ ತುಂಡುಗಳು ಬಿದ್ದಿದ್ದವು, ಗೂಟದಿಂದ ಎದುರಿನ ಗೋಡೆಯವರೆಗೆ ಸಾಲು ಹಿಡಿದು. ಆದರೆ ನೇಕಾರರ ಮನೆಯಲ್ಲಿ ನೂಲಿನ ತುಂಡು ಯಾರ ಕಣ್ಣಿಗೆ ಬೀಳುತ್ತದೆ? ನಮ್ಮಲ್ಲಿ ಅದೇ ನೆಲ. ಸಾರಿನಲ್ಲಿ ಎಳೆ ಸಿಕ್ಕರೂ ಪಕ್ಕಕ್ಕಿಟ್ಟು ಉಣ್ಣುವವರು ನಾವು. ನಾನು ಕೆಳಗೆ ನೋಡಲಿಲ್ಲ, ಮೇಲೆ ನೋಡಲಿಲ್ಲ, ಗಣಿತದ ಮಾಸ್ತರನಂತೆ ನೇರ ಉತ್ತರಕ್ಕೆ ಹೋದೆ. ಕೀಲಿ ಯಾರ ಹತ್ತಿರ? ಮಲ್ಲಪ್ಪನ ಹತ್ತಿರ. ಬಣ್ಣದ ಮೇಲೆ ಮನಸ್ಸು ಯಾರಿಗೆ? ಮಲ್ಲಪ್ಪನಿಗೆ. ಆದ್ದರಿಂದ.

ಮರುದಿನ ಹತ್ತಕ್ಕೆ ಅವನು ಬಂದ. ಬಸಿಗೆ ಚಹಾ ಸುರುವಿಕೊಂಡ. ನಾನು ಗೋಡೆ ನೋಡುತ್ತ ಕೇಳಿದೆ.

“ಮಲ್ಲಪ್ಪ, ನಿಮ್ಮನಿಯಾಗೂ ಇಂಥಾ ಹಸರು ನೂಲು ಏನರ ಐತೇನು?”

ಅವನು ಗೂಟ ನೋಡಿದ. ಎರಡು ಲಡಿ ನೋಡಿದ. ನನ್ನ ಮುಖ ನೋಡಿದ. ಬಸಿಯನ್ನು ಕೆಳಗಿಟ್ಟು, ಕೀಲಿಕೈ ತೆಗೆದು ಸ್ಟೂಲಿನ ಮೇಲಿಟ್ಟು ಹೊರಟುಹೋದ. ಬಸಿಯಲ್ಲಿ ಅರ್ಧ ಚಹಾ ಹಾಗೇ ಇತ್ತು. ಐವತ್ತು ವರ್ಷದ ಗೆಳೆತನದಲ್ಲಿ ಮಲ್ಲಪ್ಪ ಚಹಾ ಬಿಟ್ಟು ಎದ್ದದ್ದನ್ನು ನಾನು ಕಂಡಿರಲಿಲ್ಲ. ಒಮ್ಮೆ ನಮ್ಮ ಅಡಿಗೆಮನೆಯಲ್ಲಿ ಹಾವು ಹೊಕ್ಕಾಗಲೂ ಬಸಿ ಖಾಲಿ ಮಾಡಿಯೇ ಬಡಿಗೆ ಹಿಡಿದಿದ್ದ.

ಎರಡು ದಿನ ಅವನು ಬರಲಿಲ್ಲ. ಹತ್ತಾದ ಕೂಡಲೇ ನನ್ನ ಕೈಯಲ್ಲಿ ಲಾಳಿ ತಪ್ಪತೊಡಗಿತು. ಬೈಯುವವರಿಲ್ಲದೆ ಒಂದು ಗೇಣೂ ನೇಯಲಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಪೆಚ್ಚಾಗಿ ಕೂತಿದ್ದೆ. ಕಿಟಕಿಯಿಂದ ಒಂದು ಇಣಚಿ ಇಳಿದುಬಂತು. ಚಟ ಬಿಡಬೇಕಲ್ಲ, ಎಣಿಸಿದೆ. ಮೂರು. ನನ್ನನ್ನು ಅದು ಮಗ್ಗದ ಒಂದು ಕಟ್ಟಿಗೆಯೆಂದೇ ತಿಳಿಯಿತೇನೋ, ನೇರ ಗೂಟ ಹತ್ತಿ, ಲಡಿಯ ಎಳೆಗಳನ್ನು ಕಟಕಟ ಕಡಿದು, ಎರಡೂ ಕೈಯಿಂದ ಉಂಡೆ ಕಟ್ಟಿ ಬಾಯಿಗೆ ತುರುಕಿಕೊಂಡಿತು. ತಿರುಗಿದಾಗ ಅದಕ್ಕೆ ಎರಡೂ ಕಡೆ ಹಸಿರು ಮೀಸೆ. ಆ ಮೀಸೆಯ ಗತ್ತಿನಲ್ಲಿ ನೆಲದ ಮೇಲೆ ಓಡಿ, ಎದುರಿನ ಗೋಡೆ ಹತ್ತಿ, ನನ್ನ ಫೋಟೋದ ಹಿಂದೆ ಹೊಕ್ಕಿತು.

ಫೋಟೋದ ಬಗ್ಗೆ ಹೇಳಬೇಕು. ನಿವೃತ್ತಿಯ ದಿನ ಸಾಲೆಯವರು ನನಗೆ ಶಾಲು ಹೊದಿಸಿ ಸತ್ಕಾರ ಮಾಡಿದಾಗ ತೆಗೆದದ್ದು, ಬಾಗಿಲಿನಷ್ಟು ದೊಡ್ಡದು. ಪಡಸಾಲೆಯಲ್ಲಿ ಹಾಕಿದರೆ ಬಂದವರು ಅಂಜುತ್ತಾರೆಂದು ಕಸ್ತೂರಿ ಅದನ್ನು ಮಗ್ಗದ ಖೋಲಿಗೆ ಸಾಗಿಸಿದ್ದಳು. ಮೊಳೆಗೆ ತೂಗಿ ಮುಂದಕ್ಕೆ ವಾಲಿಕೊಂಡಿರುತ್ತದೆ, ಹಿಂದೆ ಒಂದು ಸಂಸಾರಕ್ಕೆ ಸಾಕಾಗುವಷ್ಟು ಜಾಗ. ಈಗ ಕತ್ತೆತ್ತಿ ನೋಡುತ್ತೇನೆ, ಚೌಕಟ್ಟಿನ ಮೇಲಿನ ಅಂಚಿನಿಂದ ಹಸಿರು ನೂಲಿನ ಗುಂಗುರು ಹೊರಚೆಲ್ಲಿದೆ. ಫೋಟೋದಲ್ಲಿನ ನನ್ನ ಬೋಳುತಲೆಗೆ ಸೊಂಪಾಗಿ ಹಸಿರು ಕೂದಲು ಬಂದಿದೆ. ಅದರ ನಡುವಿನಿಂದ ಇಣಚಿಯ ಬಾಲ ಮದುಮಗನ ತುರಾಯಿಯಂತೆ ಎದ್ದು ನಿಂತಿತ್ತು.

ಸ್ಟೂಲು ಹತ್ತಿ ಇಣುಕಿದೆ. ಎಳೆ, ಹತ್ತಿ, ನನ್ನ ಹಳೆಯ ಬನಿಯನ್ನಿನ ಚೂರು ಸೇರಿಸಿ ಮಾಡಿದ ಮೆತ್ತನೆಯ ಗೂಡು. ಒಳಗೆ ಹೆಬ್ಬೆರಳಿನಷ್ಟಷ್ಟೇ ಇದ್ದ ಮೂರು ಮರಿ. ಕಣ್ಣು ತೆರೆದಿಲ್ಲ, ಮೈಮೇಲೆ ಕೂದಲಿಲ್ಲ. ಬೆನ್ನ ಮೇಲೆ ಮಾತ್ರ ಪೆನ್ಸಿಲ್ಲಿನಿಂದ ಎಳೆದಷ್ಟು ತೆಳುವಾಗಿ ಗೆರೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಲ್ಲಪ್ಪನ ಅರ್ಧ ಬಸಿ ಚಹಾ ನೆನಪಾಗಿ ಚಪ್ಪಲಿ ಮೆಟ್ಟಿದೆ.

ಅವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದವನು ನನ್ನನ್ನು ಕಂಡು ಬೆನ್ನು ತಿರುಗಿಸಿದ. ನಾನು ಬೆನ್ನಿಗೇ ಹೇಳಿದೆ.

“ಮಲ್ಲಪ್ಪ, ಕಳ್ಳ ಸಿಕ್ಕಾನ. ಬಂದು ನೋಡು.”

“ಪೊಲೀಸರನ್ನ ಕರಕೋ. ನನಗೇನ ಹೇಳ್ತೀ.”

“ನನ್ನ ತಲಿ ಮ್ಯಾಲ ಮನಿ ಮಾಡ್ಯಾನ. ನೀ ಬಂದ ಬಿಡಸಬೇಕು. ತಪ್ಪು ನಂದು, ಮಾರಾಯ. ಬಾ.”

ಬಂದ. ಫೋಟೋ ನೋಡಿದ. ಹಸಿರು ಕೂದಲು, ತುರಾಯಿ, ಕೆಳಗೆ ಶಾಲು ಹೊದ್ದು ಗಂಭೀರವಾಗಿ ನಿಂತ ನಾನು. ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕೂತು, ಕೆಮ್ಮು ಬರುವವರೆಗೆ ನಕ್ಕ. ಕಣ್ಣೊರೆಸಿಕೊಂಡು ಒಳಗೆ ಕೂಗಿದ.

“ತಂಗೀ, ಮೊನ್ನಿ ಅರ್ಧ ಬಸಿ ಚಹಾ ಬಿಟ್ಟ ಹೋಗಿದ್ನೆಲ್ಲ, ಅದನ್ನ ತಾರವಾ.”

ಚಹಾ ತಂದ ಕಸ್ತೂರಿಗೆ ಗೂಡು ತೋರಿಸಿದೆವು. ನಾನು ಫೋಟೋ ಇಳಿಸಿ ಗೂಡನ್ನು ಹಿತ್ತಲಿಗೆ ಸಾಗಿಸುವ ಮಾತೆತ್ತಿದೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ಬಾಣಂತಿ ಹಾಸಿಗಿ ಕಸಗೊಂಡು ಮಗಳಿಗೆ ಕುಬಸದ ಸೀರಿ ಉಡಸ್ತೀರೇನ್ರಿ? ಅಕಿ ಎದ್ದ ಹೋಗೂತನಕ ಫೋಟೋ ಮುಟ್ಟಂಗಿಲ್ಲ.”

“ಗೂಡಿನ ನೂಲು ಹೆಂಗೂ ಉಪಯೋಗಿಲ್ಲ,” ಎಂದ ಮಲ್ಲಪ್ಪ. “ಎಲ್ಲಾ ಕಡದ ಚೂರು ಮಾಡ್ಯಾಳ.”

ಅಂದಿನಿಂದ ನಮ್ಮ ಮನೆಯಲ್ಲಿ ಬಾಣಂತನ ನಡೆಯಿತು. ಫೋಟೋದ ಕೆಳಗೆ ಒಂದು ತಾಟಿನಲ್ಲಿ ಶೇಂಗಾ, ಒಂದು ಬಟ್ಟಲಲ್ಲಿ ನೀರು, ಪಕ್ಕದಲ್ಲಿ ಬೇಕಾದರೆ ಇರಲಿ ಎಂದು ಹತ್ತಿ. ಉಳಿದ ನೂಲು ಕಬ್ಬಿಣದ ಟ್ರಂಕಿಗೆ ಹೋಯಿತು. ಇಣಚಿ ಗೂಡಿನಲ್ಲಿದ್ದರೆ ಮಗ್ಗ ಬಡಿಯುವಂತಿಲ್ಲ, ಗದ್ದಲಕ್ಕೆ ಹೆದರಿದರೆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆಡೆ ಹೋಗಿಬಿಡುತ್ತದೆಂದು ಕಸ್ತೂರಿಯ ಅಪ್ಪಣೆ. ಗಂಡು ಇಣಚಿ ಈ ಕಡೆ ಸುಳಿಯಲೇ ಇಲ್ಲ. ಅವುಗಳಲ್ಲಿ ಮಕ್ಕಳ ಭಾರವೆಲ್ಲ ತಾಯಿಯದೇ ಎಂದು ನಾನು ವಿವರಿಸಿದಾಗ, “ಅವುಗಳಾಗ ಅಷ್ಟs ಅಲ್ಲ,” ಎಂದಳು. ಮೂವತ್ತು ವರ್ಷ ಸಾಲೆಯ ಗಂಟೆಗೆ ಎದ್ದು ಕೂತವನು ಈಗ ಇಣಚಿಯ ಗಂಟೆಗೆ ಏಳತೊಡಗಿದೆ. ಮುಂಜಾನೆ ಅದು ಬೇವಿನ ಮರಕ್ಕೆ ಹೋದಾಗ ಒಂದಿಷ್ಟು ನೇಯಬೇಕು, ಬಂದಾಗ ಕೈಕಟ್ಟಿ ಕೂರಬೇಕು, ಸಂಜೆ ಹೋದಾಗ ಮತ್ತೊಂದಿಷ್ಟು.

ಆದರೂ ಇರುವ ನೂಲಿನಲ್ಲಿ ಸೆರಗು ಮುಗಿಯುವಂತಿರಲಿಲ್ಲ. ರಬಕವಿಯಲ್ಲಿ ಸಿಕ್ಕ ಹಸಿರನ್ನು ಪಕ್ಕಕ್ಕಿಟ್ಟರೆ ಬೇವಿನೆಲೆಯ ಪಕ್ಕ ಪ್ಲಾಸ್ಟಿಕ್ ಬುಟ್ಟಿ ಇಟ್ಟ ಹಾಗೆ. ಕುಬಸಕ್ಕೆ ಆರೇ ದಿನ. ಬೀಗರ ಮುಂದೆ ಆಡಿದ ಮಾತು, ಮಗಳ ಆ ಮುಖ ನೆನೆದರೆ ಊಟ ಸೇರುತ್ತಿರಲಿಲ್ಲ. ಅಂಗಡಿಯಿಂದ ಒಂದು ಸೀರೆ ತಂದು ನಾನೇ ನೇಯ್ದೆನೆಂದು ಹೇಳಿಬಿಡಲೇ ಎಂದೂ ಯೋಚಿಸಿದೆ. ಮಲ್ಲಪ್ಪ ಸ್ಟೂಲಿನ ಮೇಲೆ ಕೂತು ಗೋಡೆಯ ಕಡೆ ನೋಡಿದ. ಇಣಚಿ ಚೌಕಟ್ಟಿನ ಮೇಲೆ ನಮಗೆ ಬೆನ್ನು ಮಾಡಿ ಶೇಂಗಾ ಸುಲಿಯುತ್ತಿತ್ತು.

“ಮಾಸ್ತರ, ಅಕಿ ಬೆನ್ನಿಗೆ ಎಷ್ಟು ಪಟ್ಟಿ?”

“ಮೂರು.” ಈ ಒಂದು ಲೆಕ್ಕದಲ್ಲಿ ನನಗೆ ಅನುಮಾನವಿರಲಿಲ್ಲ.

“ಟ್ರಂಕಿನ್ಯಾಗ ಬಣ್ಣ ಹಾಕದ ಬಿಳಿ ನೂಲು ಐತೆಲ್ಲ, ಅದನ್ನ ತಗಿ. ಸೆರಗಿನ್ಯಾಗ ಅಡ್ಡ ಮೂರು ಅಗಲ ಪಟ್ಟಿ ಹಾಕು, ನಡುನಡುವ ನಮ್ಮ ಹಸರು. ಕಡಿಮಿ ಬಿದ್ದದ್ದನ್ನ ಮುಚ್ಚಾಕ ಹೋಗಬ್ಯಾಡ. ಮುಚ್ಚಿದ್ರ ತಪ್ಪು ಅಂತಾರ, ಎತ್ತಿ ತೋರಿಸಿದ್ರ ಡಿಜೈನ್ ಅಂತಾರ.”

ಬಾಣಂತಿ ಹೊರಗೆ ಹೋದಾಗಲೆಲ್ಲ ನೇಯ್ದೆ. ಕೊನೆಯ ಎಳೆ ಹೊಕ್ಕದ್ದು ಕುಬಸದ ಹಿಂದಿನ ದಿನ ಸಂಜೆ. ಲಡಿಯಲ್ಲಿ ಉಳಿದ ಹಸಿರು ನನ್ನ ಮುಂಗೈಗೆ ಒಂದು ಸುತ್ತು ಬರುವಷ್ಟು. ಅದನ್ನು ಮಲ್ಲಪ್ಪ ಫೋಟೋದ ಚೌಕಟ್ಟಿಗೆ ಸುತ್ತಿ, “ಅಕೀಗೆ ಉಡಿ ತುಂಬಿದಂಗ ಆತು,” ಎಂದ.

ಜಮಖಂಡಿಯಲ್ಲಿ ಸವಿತಾ ಆ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಬಂದು ಕೂತಾಗ ನನ್ನ ಕಣ್ಣು ತುಂಬಿತು. ಅಲ್ಲಲ್ಲಿ ನೇಯ್ಗೆ ಸಡಿಲವಿತ್ತು, ಒಂದು ಅಂಚು ಮೂಡಲಿನ ಬೀಳಗಿಯ ಕಡೆ ಹೋದರೆ ಇನ್ನೊಂದು ಪಡುವಲಿನ ತೇರದಾಳದ ಕಡೆ ಹೋಗಿತ್ತು. ನನಗೆ ಅದಕ್ಕಿಂತ ಚಂದದ ಸೀರೆ ಲೋಕದಲ್ಲಿಲ್ಲ ಎನಿಸಿತು. ಅಷ್ಟರಲ್ಲಿ ಅಳಿಯನ ಅಜ್ಜಿ, ಸೀರೆಯ ವಿಷಯದಲ್ಲಿ ಯಾರನ್ನೂ ಬಿಡದವರು, ಸೆರಗು ಹಿಡಿದು ಬೆಳಕಿಗೆ ಒಡ್ಡಿದರು. ನೆರೆದ ಹೆಂಗಸರೆಲ್ಲ ಬಾಗಿದರು.

“ಬೀಗ್ರ, ಇದು ಯಾ ಸೆರಗ್ರಿ? ಮೂರು ಬಿಳಿ ಪಟ್ಟಿ?”

ನಾನು ನಿಜ ಹೇಳಲು ಬಾಯಿ ತೆರೆದೆ. ನಮ್ಮ ಜೊತೆ ಬಂದಿದ್ದ ಮಲ್ಲಪ್ಪ ನನ್ನ ಮುಂದೆ ಬಂದು ನಿಂತ.

“ಇಣಚಿ ಸೆರಗ್ರಿ ಅಮ್ಮಾರ. ಬನಹಟ್ಟಿಯಾಗ ಈಗ ಯಾರೂ ನೇಯಂಗಿಲ್ರಿ. ಮಾಸ್ತರ ಒಬ್ಬಾಂವs.”

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅಜ್ಜಿ ಕಣ್ಣು ಕಿರಿದು ಮಾಡಿ ಸೆರಗನ್ನು ಇನ್ನೊಮ್ಮೆ ಸವರಿದರು.

“ಹೌದ್ಹೌದು. ಇಣಚಿ ಸೆರಗು. ನಮ್ಮವ್ವನ ಹಂತೇಕ ಒಂದಿತ್ತು. ನಾ ಸಣ್ಣಾಕಿ ಇದ್ದಾಗ ನೋಡೇನಿ.”

ಕೂಡಲೇ ಇನ್ನೊಬ್ಬ ಹೆಣ್ಣುಮಗಳಿಗೆ ತಮ್ಮ ಅತ್ತೆಯ ಟ್ರಂಕಿನಲ್ಲಿ ಇದ್ದದ್ದು ನೆನಪಾಯಿತು. ಮತ್ತೊಬ್ಬರಿಗೆ ಅದನ್ನು ಉಟ್ಟರೆ ಬಾಣಂತನ ಹಗುರಾಗುತ್ತದೆಂಬ ನಂಬಿಕೆಯೂ ನೆನಪಾಯಿತು. ಮಲ್ಲಪ್ಪ ಎಲ್ಲದಕ್ಕೂ ಭಕ್ತಿಯಿಂದ ತಲೆಯಾಡಿಸುತ್ತಿದ್ದ. ನಾನು ಊಟದ ನೆಪ ಮಾಡಿ ಒಳಗೆ ಸರಿದೆ.

ಮರಿಗಳು ಕಣ್ಣು ತೆರೆದವು, ಚೌಕಟ್ಟಿನ ಮೇಲೆ ಸಾಲಾಗಿ ಕೂತು ನನ್ನ ಹಣೆಯ ಮೇಲೆ ಬಾಲ ಇಳಿಬಿಟ್ಟವು, ಒಂದು ದಿನ ಬೇವಿನ ಮರಕ್ಕೆ ಹೋದವು. ಅತ್ತ ಸವಿತಾಳಿಗೆ ಹೆಣ್ಣು ಮಗುವಾಯಿತು. ನಾಮಕರಣಕ್ಕೆ ಬಟ್ಟೆ ತರಲು ನಾನೂ ಕಸ್ತೂರಿಯೂ ಮುಧೋಳಕ್ಕೆ ಹೋದೆವು. ಅಂಗಡಿಯವನು ಸೀರೆಗಳನ್ನು ಹರವುತ್ತ ಹರವುತ್ತ ಒಂದನ್ನು ಝಾಡಿಸಿ ಎತ್ತಿ ಹಿಡಿದ.

“ಇದನ್ನ ನೋಡ್ರಿ ಅಕ್ಕಾರ. ಇಣಚಿ ಸೆರಗು. ರಾಜರ ಕಾಲದ್ದು. ಈಗ ಮತ್ತ ಶುರು ಆಗೇತಿ, ಜಮಖಂಡಿ ಮಂದಿ ಭಾಳ ಒಯ್ಯಾಕತ್ತಾರ.”

ನನ್ನ ಚಟ ನಿಮಗೆ ಗೊತ್ತೇ ಇದೆ. ಒಂದು, ಎರಡು, ಮೂರು, ನಾಲ್ಕು, ಐದು. ಮತ್ತೊಮ್ಮೆ ಎಣಿಸಿದೆ. ಇದು ಓಡುವಂಥದ್ದಲ್ಲ, ಐದೇ ಇತ್ತು.

“ಇಣಚಿ ಸೆರಗಿಗೆ ಮೂರು ಪಟ್ಟಿ ಅಲ್ಲೇನ್ರಿ?” ಎಂದು ಮೆಲ್ಲಗೆ ಕೇಳಿದೆ.

ಅವನು ನನ್ನ ಕನ್ನಡಕ, ನನ್ನ ಬೋಳುತಲೆ, ನನ್ನ ಕೈಚೀಲ ಎಲ್ಲವನ್ನೂ ಕರುಣೆಯಿಂದ ನೋಡಿದ.

“ಮಾಸ್ತರ ಇರಬೇಕು ತಾವು. ಸೀರಿ ವಿಷಯ ನಿಮಗ ತಿಳಿಯಂಗಿಲ್ಲ ಬಿಡ್ರಿ. ಅಸಲಿಗೆ ಐದು. ಮೂರಂದ್ರ ಡುಪ್ಲಿಕೇಟ್.”

ಕಸ್ತೂರಿ ಬಲವಾಗಿ ನನ್ನ ಕಾಲು ತುಳಿದಳು. ಸಮೀರವಾಡಿಯ ಆ ಹುಡುಗಿಯನ್ನು ನೆನೆದು, ಬಾಕಿ ಉಳಿದಿದ್ದ ತಪ್ಪನ್ನು ಅಲ್ಲೇ ಮನಸ್ಸಿನಲ್ಲಿ ಒಪ್ಪಿಕೊಂಡೆ.

ಮರುದಿನ ಹತ್ತಕ್ಕೆ ಇದನ್ನೆಲ್ಲ ಮಲ್ಲಪ್ಪನಿಗೆ ಹೇಳಿದೆ. ಅವನು ನಗಲಿಲ್ಲ. “ಅದು ಬಡಗಣದ ಜಾತಿ,” ಎಂದಷ್ಟೇ ಹೇಳಿ ಚಹಾ ಹೀರಿದ. ಮೊಮ್ಮಗಳ ತೊಟ್ಟಿಲಿಗೆ ಹಾಸಲು ಒಂದು ಕೆಂಪು ಬಟ್ಟೆ ಹೂಡಿದ್ದೆ, ಗೂಟದ ಮೇಲೆ ಕೆಂಪು ನೂಲಿನ ಲಡಿ ತೂಗುತ್ತಿತ್ತು. ಕಿಟಕಿಯಲ್ಲಿ ‘ಚಿಕ್’ ಎಂದಿತು. ಅದೇ ಇಣಚಿ, ಮೂರು ಪಟ್ಟೆ, ಹೊಟ್ಟೆ ಮತ್ತೆ ದುಂಡಗಾಗಿದೆ. ಗೂಟಕ್ಕೆ ಹಾರಿ ಎಳೆ ಕಡಿಯಲು ಶುರುಮಾಡಿತು. ನಾನು ಕುಣಿಯಿಂದ ಏಳಹೋದೆ. ಮಲ್ಲಪ್ಪ ನನ್ನ ಹೆಗಲು ಹಿಡಿದು ಕೂರಿಸಿದ.

“ಕೂಡೋ ಮಾರಾಯ. ಎಷ್ಟು ಒಯ್ತಾಳ ನೋಡೂಣು. ಆಮ್ಯಾಲ ಡಿಜೈನ್ ವಿಚಾರ ಮಾಡೂಣು.”